ಸೊನ್ನೆ ಕಿಲೋಮೀಟರಿನ ಸಮುದ್ರ

ನದಿಯ ಮೂಲದಿಂದ ಸಮುದ್ರದವರೆಗಿನ ನಡಿಗೆ ಹಾದಿಯ ಒಟ್ಟು ಉದ್ದ ಇನ್ನೂರ ಹನ್ನೆರಡು ಕಿಲೋಮೀಟರ್. ನಡಿಗೆ ಹಾದಿ ಇಲಾಖೆಯು ಇದನ್ನು ನಕಾಶೆಯ ಮೇಲೆ ಹೊಲಿಗೆ ದಾರವಿಟ್ಟು ಅಳೆದಿದೆ. ನದಿ ತಿರುಗಿದ ಕಡೆಯಲ್ಲೆಲ್ಲ ದಾರ ತಿರುಗಲು ಒಪ್ಪಲಿಲ್ಲ. ಇಲಾಖೆಯೂ ಬಲವಂತ ಮಾಡಲಿಲ್ಲ.

ಅಳತೆಯ ಪ್ರಕಾರ ಕಿಲೋಮೀಟರಿಗೊಂದು ಕಲ್ಲು ಕೆತ್ತಿಸಲಾಯಿತು. ಮೂಲದಲ್ಲಿ ‘ಸಮುದ್ರಕ್ಕೆ ೨೧೨’, ಕೊನೆಯದರಲ್ಲಿ ‘ಸಮುದ್ರ ೦’. ನೆಡುತ್ತಾ ಹೋದ ಮೇಸ್ತ್ರಿ ಒಂದು ಮಧ್ಯಾಹ್ನ ಪಂಕ್ಚರ್ ಅಂಗಡಿಯೊಂದರ ಮುಂದೆ ನಿಂತು ಅಧಿಕಾರಿಗೆ ಫೋನು ಮಾಡಿದ.

“ಸಾರ್, ಕೊನೇ ಕಲ್ಲಿಗೆ ಬಂದ್ವಿ. ಸಮುದ್ರ ಬಂದಿಲ್ಲ.”

“ಕಲ್ಲಿನ ಮೇಲೆ ಏನಂತ ಇದೆ?”

“ಸಮುದ್ರ ಅಂತಾನೇ ಇದೆ ಸಾರ್.”

“ಮತ್ತೆ ಬಂದಿದೆಯಲ್ಲಪ್ಪ. ನೆಡು.”

ನೆಟ್ಟರು. ಅಂಗಡಿಯ ಹಿಂದಿನ ನದಿ, ಈ ಬಗ್ಗೆ ಲಿಖಿತ ತಿಳಿವಳಿಕೆ ಬಾರದ ಕಾರಣ, ಮುಂದಕ್ಕೆ ಹರಿಯುತ್ತಲೇ ಇತ್ತು. ಹಾದಿ ತೆರೆದ ಮೇಲೆ ಮೂಲದಿಂದ ಹತ್ತು ದಿನ ನಡೆದು ಬಂದವರ ಪಾದದಲ್ಲಿ ಬೊಬ್ಬೆಗಳಿದ್ದುದರಿಂದ ಯಾರೂ ಚರ್ಚೆಗೆ ಇಳಿಯಲಿಲ್ಲ. ಕಲ್ಲು ಮುಟ್ಟಿ, ಪ್ರಮಾಣಪತ್ರ ಪಡೆದು, ಬಸ್ಸು ಹತ್ತಿದರು.

ತಿಂಗಳಾದ ಮೇಲೆ ಪಂಕ್ಚರ್ ಅಂಗಡಿಗೆ ನೋಟೀಸು ಬಂತು. ‘ಸಮುದ್ರದಿಂದ ಇನ್ನೂರು ಮೀಟರ್ ಒಳಗೆ ಯಾವುದೇ ಅಂಗಡಿ ಇರತಕ್ಕದ್ದಲ್ಲ. ತಮ್ಮ ಅಂಗಡಿಯು ಸದರಿ ಸಮುದ್ರದಿಂದ ಮೂರು ಅಡಿ ದೂರದಲ್ಲಿರುವುದು ಕಂಡುಬಂದಿದೆ. ಹದಿನೈದು ದಿನದೊಳಗೆ ತೆರವುಗೊಳಿಸತಕ್ಕದ್ದು.’

ಇಪ್ಪತ್ತಾರು ವರ್ಷದ ಅಂಗಡಿ. ಬೇರೆ ಕಸುಬು ಗೊತ್ತಿಲ್ಲದ ಅಂಗಡಿಯವನು ಕೈಯ ಗ್ರೀಸನ್ನೂ ಒರೆಸಿಕೊಳ್ಳದೆ ಕಚೇರಿಗೆ ಓಡಿದ.

“ಸಾರ್, ಅದು ರಸ್ತೆ. ಅಂಗಡಿ ಮುಂದೆ ನೀರು ಅಂತ ಇರೋದು ನಾನು ಟ್ಯೂಬ್ ಅದ್ದಿ ನೋಡೋ ಬಕೆಟ್ಟಲ್ಲಿ ಮಾತ್ರ.”

ಅಧಿಕಾರಿ ಗುಮಾಸ್ತರ ಕಡೆ ತಿರುಗಿದರು. “ನೀರು ಇದೆ ಅಂತ ಒಪ್ಪಿಕೊಂಡಿದ್ದಾರೆ. ಬರ್ಕೊಳ್ಳಿ.”

“ಸಮುದ್ರ ಇನ್ನೂ ಮೂವತ್ತೊಂದು ಕಿಲೋಮೀಟರ್ ಮುಂದಿದೆ ಸಾರ್! ನಮ್ಮ ಭಾವನ ಮನೆ ಅದರ ಪಕ್ಕದಲ್ಲೇ ಇರೋದು.”

“ನಿಮ್ಮ ಭಾವ ಇಲಾಖೆಯಲ್ಲಿದ್ದಾರಾ?”

“ಇಲ್ಲ ಸಾರ್.”

“ಹಾಗಾದ್ರೆ ಅದು ಅವರ ಖಾಸಗಿ ಸಮುದ್ರ.”

“ಈ ಕಲ್ಲನ್ನೇ ಕಿತ್ತು ಅಲ್ಲಿ ನೆಡಬಹುದಲ್ಲ?”

“ಮಧ್ಯದ ಮೂವತ್ತೊಂದು ಕಿಲೋಮೀಟರಿಗೆ ಏನು ನಂಬರು ಹಾಕೋದು? ಒಂದು ಆದ್ಮೇಲೆ ಸೊನ್ನೆ ಬರುತ್ತೆ. ಇದು ನಾನು ಮಾಡಿದ ನಿಯಮ ಅಲ್ಲ.”

ಅಂಗಡಿಯವನು ಜೋಲು ಮೋರೆ ಹಾಕಿಕೊಂಡು ಮನೆಗೆ ಬಂದ. ಹೆಂಡತಿ ನೋಟೀಸನ್ನು ಕಸಿದುಕೊಂಡು, ಗಂಡ ಓದದೆ ಬಿಟ್ಟಿದ್ದ ಹಿಂಬದಿಯನ್ನೂ ಓದಿದಳು.

“ರೀ, ಇಲ್ಲಿ ನೋಡಿ. ಜೀವರಕ್ಷಕ ಠಾಣೆಗೆ ಈ ನಿಯಮ ಅನ್ವಯಿಸೋದಿಲ್ಲವಂತೆ. ಅಂಗಡಿ ತುಂಬ ಟ್ಯೂಬ್ ನೇತಾಡ್ತಿದೆ. ಮುಳುಗೋರಿಗೆ ಇನ್ನೇನು ಬೇಕು?”

“ನಂಗೆ ಈಜೋಕೆ ಬರಲ್ವಲ್ಲೇ.”

“ಅಲ್ಲಿ ಮುಳುಗೋಕಾದ್ರೂ ಯಾರಿಗೆ ಬರುತ್ತೆ?”

ಅರ್ಜಿ ಹೋಯಿತು. ಅಧಿಕಾರಿ ಖುದ್ದಾಗಿ ಬಂದು ಟ್ಯೂಬುಗಳನ್ನು ಹಿಸುಕಿ ನೋಡಿದರು.

“ಇಪ್ಪತ್ತಾರು ವರ್ಷದಲ್ಲಿ ಇಲ್ಲಿ ಎಷ್ಟು ಜನ ಮುಳುಗಿದ್ದಾರೆ?”

“ಒಬ್ಬರೂ ಇಲ್ಲ ಸಾರ್.”

“ಭೇಷ್!” ಎಂದು ಅಧಿಕಾರಿ ಆತನ ಬೆನ್ನು ತಟ್ಟಿದರು. ಇಂಥ ಸೇವಾ ದಾಖಲೆ ಬೇರೆ ಯಾವ ಠಾಣೆಗೂ ಇರಲಿಲ್ಲ. ಅಂಗಡಿ ಉಳಿಯಿತು. ಷರತ್ತು ಒಂದೇ: ಉಬ್ಬರದ ವೇಳೆ ಕೆಂಪು ಬಾವುಟ ಏರಿಸಿ, ಬೇರೆಲ್ಲ ಕೆಲಸ ನಿಲ್ಲಿಸತಕ್ಕದ್ದು.

ಮೊದಮೊದಲು ಬಾವುಟ ಏರಿಸುವಾಗ ಆತ ಅತ್ತಿತ್ತ ನೋಡುತ್ತಿದ್ದನಂತೆ.

ಕಳೆದ ವಾರ ನನ್ನ ಸ್ಕೂಟರಿನ ಗಾಳಿ ಹೋಗಿ, ಅಲ್ಲಿಯವರೆಗೆ ತಳ್ಳಿಕೊಂಡು ಹೋದೆ. ಬಾವುಟ ಹಾರುತ್ತಿತ್ತು. ಆತ ಹಣೆಗೆ ಕೈ ಅಡ್ಡ ಹಿಡಿದು ರಸ್ತೆಯನ್ನು ದಿಟ್ಟಿಸುತ್ತಿದ್ದ.

“ಅಣ್ಣಾ, ಒಂದು ಪಂಕ್ಚರ್ ಹಾಕಿಕೊಡಿ.”

“ಹಿಂದೆ ಸರೀರಿ ಮೇಡಂ, ಉಬ್ಬರ ಇದೆ. ನಾಲ್ಕು ಗಂಟೆಗೆ ಇಳಿಯುತ್ತೆ.”

ಆಗಿನ್ನೂ ಮೂರೂಕಾಲು. ಸ್ಕೂಟರನ್ನು ಎತ್ತರದ ಜಾಗಕ್ಕೆ ಎಳೆದು ನಿಲ್ಲಿಸಿದೆ. ಚಪ್ಪಲಿ ಹೊಸದು, ಕೈಯಲ್ಲಿ ಹಿಡಿದುಕೊಂಡೆ.