ಲೇಸರ್ ಹಲ್ಲೂ ಖಡಕ್ ರೊಟ್ಟಿಯೂ

ಡಾಕ್ಟರು ಹೇಳಿದ್ದರಲ್ಲಿ ಮನುಷ್ಯನಿಗೆ ತನಗೆ ಬೇಕಾದ ಅರ್ಧ ಮಾತ್ರ ಕೇಳಿಸುತ್ತದೆ. ನನಗಂತೂ ಕಾಲು ಭಾಗ ಕೇಳಿಸಿದರೆ ಹೆಚ್ಚು. ತೊಂಬತ್ತರ ದಶಕದ ಕೊನೆಯ ಮಾತು. ಜೇವರ್ಗಿಯಲ್ಲಿ ಗುಮಾಸ್ತನಾಗಿದ್ದ ನನಗೆ ನೌಕರಿ ಇತ್ತು, ಒಂದಿಷ್ಟು ಹೊಲ ಇತ್ತು, ನನಗಿಂತ ಮೊದಲೇ ಹೊಸ್ತಿಲು ದಾಟುವ ಉಬ್ಬುಹಲ್ಲುಗಳೂ ಇದ್ದವು. ಎರಡು ಕಡೆಯ ಹೆಣ್ಣಿನವರು ಫೋಟೋ ವಾಪಸ್ ಕಳಿಸಿದ ಮೇಲೆ ಗುಲಬರ್ಗಾಕ್ಕೆ ಹೋಗಿ ಹಲ್ಲಿಗೆ ತಂತಿ ಹಾಕಿಸಿಕೊಂಡೆ. ಡಾಕ್ಟರು ದೊಡ್ಡ ಊರಲ್ಲಿ ಓದಿ, ಹೊಸ ಯಂತ್ರ ತಂದಿದ್ದರು. "ತಂತಿ ಸುತ್ತ ಅನ್ನ ಸಿಕ್ಕಿ ಹಲ್ಲು ಹುಳುಕಾಗ್ತಾವ್ರಿ. ಲೇಸರ್ ಬೆಳಕು ಬಿಟ್ರ ಮ್ಯಾಲಿನ ಎನಾಮೆಲ್ ಗಟ್ಟಿ ಆಗ್ತದ. ಆದ್ರ ಬಿರುಸು ಏನೂ ಕಡೀಬ್ಯಾಡ್ರಿ" ಎಂದರು. ನಾನು 'ಗಟ್ಟಿ ಆಗ್ತದ' ಎಂಬಲ್ಲಿಗೆ ಕಿವಿ ಮುಚ್ಚಿ ಬಾಯಿ ತೆರೆದಿದ್ದೆ.

ಅವ್ವ ನಂಬಲಿಲ್ಲ. "ಬೆಳಕಿಗಿ ಗಟ್ಟಿ ಆಗ್ತಾವಂದ್ರ ಮಾಳಿಗಿ ಮ್ಯಾಲ ಹಪ್ಪಳದ ಬಾಜೂಕ ಬಾಯಿ ತಗದು ಕುಂದರಬೇಕಿತ್ತಲೇ. ನಮ್ಮೂರ ಬಿಸಲು ಏನ್ ಕಡಿಮಿ ಅದ?" ಎಂದಳು. ನನ್ನ ಜಂಬಕ್ಕೆ ಅದು ತಾಗಲಿಲ್ಲ. ಕಚೇರಿಯಲ್ಲಿ ಕೇಳಿದವರಿಗೂ ಕೇಳದವರಿಗೂ ಹಲ್ಲು ತೋರಿಸಿದೆ.

ಮುಂದಿನ ವಾರವೇ ಅಪ್ಪನ ಜೊತೆ ಹೆಣ್ಣು ನೋಡಲು ಯಡ್ರಾಮಿಗೆ ಹೋದೆ. ಹುಡುಗಿ ಎದುರಿಗೇ ಕೂತಿದ್ದಳು, ನನಗೆ ಬಹಳ ಹಿಡಿಸಿದ್ದಳು. ತಟ್ಟೆಯಲ್ಲಿದ್ದ ಶಿರಾ, ನೆನೆಸಿದ ಮಂಡಕ್ಕಿಯ ಸುಸಲಾ ಮೆತ್ತಗಿದ್ದವು. ಅಷ್ಟರಲ್ಲಿ ಅವಳ ಅಜ್ಜಿ ಖಡಕ್ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಇಟ್ಟು ತಂದರು.

"ಹಲ್ಲಿಗಿ ಬೇಲಿ ಯಾಕ ಹಾಕ್ಸೀಯೋ ಯಪ್ಪಾ? ನಮ್ಮನಿ ರೊಟ್ಟಿ ತಿನ್ನಾಕ ಬರ್ತದೋ ಇಲ್ಲೋ?"

"ಲೇಸರ್ ಹೊಡಿಸೀನ್ರಿ ಆಯಿ, ಕಬ್ಬಿಣ ಆಗ್ಯಾವ" ಎಂದು ಕಡಿದೇಬಿಟ್ಟೆ.

ಟಕ್ ಎಂದಿತು. ಮುರಿದದ್ದು ರೊಟ್ಟಿಯಲ್ಲ. ಹಲ್ಲಿಗೆ ಅಂಟಿಸಿದ್ದ ತಂತಿ ಕಿತ್ತು ಬಂದು, ಅದರ ತುದಿಗೆ ರೊಟ್ಟಿಯ ಚೂರು ಜೋತಾಡತೊಡಗಿತು. ಹುಡುಗಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಈ ಸಂಬಂಧವೂ ಹೋಯಿತೆಂದು ನನಗೆ ನಿಜವಾಗಿಯೂ ಅಳು ಬಂತು. ಮರುದಿನ ಡಾಕ್ಟರು, "ಲೇಸರ್ ಬಿಟ್ಟಿದ್ದು ಹುಳುಕು ತಡ್ಯಾಕ್ರೀ, ರೊಟ್ಟಿ ಮುರ್ಯಾಕಲ್ಲ" ಎಂದು ಬೈದು ಹೊಸ ತಂತಿ ಹಾಕಿದರು.

ಆದರೆ ಯಡ್ರಾಮಿಯಿಂದ ಒಪ್ಪಿಗೆ ಬಂತು! ಮದುವೆಯಾದ ಮೇಲೆ ಧೈರ್ಯ ಮಾಡಿ ಹೆಂಡತಿಯನ್ನು ಕಾರಣ ಕೇಳಿದೆ.

"ಹಲ್ಲು ಹೋದ್ರೂ ಚಿಂತಿಲ್ಲಂತ ನಮ್ಮ ಆಯಿ ಕೊಟ್ಟ ರೊಟ್ಟಿ ಕಡದ್ರಿ. ಹೆಣ್ಮಕ್ಕಳಿಗಿ ಇಲ್ಲ ಅನ್ನಾಕ ಇವ್ರಿಗಿ ಬರಾಂಗಿಲ್ಲ ಅಂತ ಗೊತ್ತಾತು. ಹೂಂ ಅಂದೆ."

ಹಾಗೇನಿಲ್ಲ ಎಂದು ಖಡಾಖಂಡಿತವಾಗಿ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅವಳು ಜೋಳದ ಡಬ್ಬ ಕೈಗಿತ್ತು "ಬೀಸಿಕೊಂಡು ಬರ್ರಿ" ಎಂದಳು. ಏನು ಉತ್ತರ ಕೊಡಬೇಕೆಂದು ಗಿರಣಿಯ ಸಾಲಿನಲ್ಲಿ ನಿಂತು ಯೋಚಿಸಿದೆ.