ಪರಚಿದರೆ ನಮ್ಮದೇ

ಹಲ್ಡಾ: ಕೊಡಕ್ಕಾಗಲ್ಲ ಅಂದ್ರೆ ಕೊಡಕ್ಕಾಗಲ್ಲ. ಹ್ಯಾಲೋವೀನ್ ವಾರದಲ್ಲಿ ಕರಿ ಬೆಕ್ಕು ಇಲ್ಲಿಂದ ಹೊರಗೆ ಹೋಗಲ್ಲ. ಬೋರ್ಡ್ ಹಾಕಿದೀವಿ, ಓದ್ಕೊಳ್ಳಿ.

ನಾನು: ಮೇಡಮ್, ನಾನು ಹೊಸ ಬೆಕ್ಕು ಕೇಳ್ತಿಲ್ಲ. ಕಳೆದುಹೋಗಿರೋ ನಮ್ಮ ಬೆಕ್ಕನ್ನೇ ವಾಪಸ್ ಕೊಡಿ ಅಂತಿದೀನಿ.

ಹಲ್ಡಾ: ಬೆಳಗ್ಗೆಯಿಂದ ನಾಲ್ಕು ಜನ ಹಾಗೇ ಅಂದ್ರು. ಒಬ್ಬಳಂತೂ ಮಾಟಗಾತಿ ವೇಷ ಹಾಕಿ ಪೊರಕೆ ಸಮೇತ ಬಂದಿದ್ಲು. ಫೋಟೋ ತೆಗೆಸ್ಕೊಂಡು ನಾಳೆ ತಂದು ಬಿಡ್ತಾಳಂತೆ. ಬೆಕ್ಕೇನು ಬಾಡಿಗೆ ಸೈಕಲ್ಲಾ?

ನಾನು: ನನ್ನನ್ನ ನೋಡಿದ್ರೆ ಅಂಥೋನ ಥರ ಕಾಣ್ತೀನಾ?

ಮೇಜಿನ ಹಿಂದೆ ಕೂತಿದ್ದ ಆಶ್ರಯದ ಹಲ್ಡಾ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನೋಡಿದರು. ನನಗೆ ಆಗ ನೆನಪಾಯಿತು. ನನ್ನ ತಲೆಯ ಮೇಲೆ ಎರಡು ಕಪ್ಪು ಕಿವಿಗಳಿದ್ದವು, ಕೆನ್ನೆಯ ಮೇಲೆ ಮಗಳು ಮೇಬಲ್ ಬರೆದ ಬೆಕ್ಕಿನ ಮೀಸೆ, ಹಿಂದೆ ಹೆಂಡತಿ ಲೋರ್ನಾ ಹೊಲಿದುಕೊಟ್ಟ ಒಂದು ಗಜದ ಬಾಲ. ಐವತ್ತು ದಾಟಿದ, ಹೊಟ್ಟೆ ಬಂದ ಗಂಡಸು. ಓಹಾಯೋದ ನಮ್ಮ ಪುಟ್ಟ ಊರಿನ ಪ್ರಾಣಿ ಆಶ್ರಯಕ್ಕೆ ಅವತ್ತು ಬಂದವರಲ್ಲಿ ಪೊರಕೆಯವಳೇ ಮೇಲು ಎಂದು ಅವರಿಗೆ ಅನ್ನಿಸಿರಬೇಕು.

ನಾನು: ಇದು ನಮ್ಮನೆ ಹಬ್ಬ, ಮೇಡಮ್. ಕರಿ ಬೆಕ್ಕು ಅಂದ್ರೆ ಎಲ್ರೂ ಅಪಶಕುನ ಅಂತಾರಲ್ಲ, ಅದಕ್ಕೇ ನನ್ನ ಮಗಳು ಪ್ರತಿ ಹ್ಯಾಲೋವೀನ್‌ಗೂ ನಮ್ಮ ಬೆಕ್ಕಿಗೆ ಸನ್ಮಾನ ಇಟ್ಕೋತಾಳೆ. ಬಾಗಿಲಲ್ಲಿ ಎತ್ತರದ ಕುರ್ಚಿ ಹಾಕಿ ಕೂರಿಸ್ತೀವಿ. ಮಿಠಾಯಿ ಕೇಳಕ್ಕೆ ಬರೋ ಮಕ್ಕಳು ಮೊದ್ಲು ಬೆಕ್ಕಿಗೆ ತಲೆ ಬಗ್ಗಿಸ್ಬೇಕು.

ಹಲ್ಡಾ: ಅಷ್ಟು ಮರ್ಯಾದೆ ಇರೋ ಬೆಕ್ಕು ಕಳೆದುಹೋಗಿದ್ದು ಹೇಗೆ?

ನಾನು: ಬೆಳಗ್ಗೆ ಹಿತ್ತಲ ಬಾಗಿಲು ತೆರೆದಿತ್ತು.

ಹಲ್ಡಾ: ಯಾರು ತೆರೆದಿಟ್ಟಿದ್ದು?

ನಾನು: ಎರಡು ಕೈಲೂ ಹಬ್ಬದ ಅಲಂಕಾರದ ಕುಂಬಳಕಾಯಿ ಹಿಡ್ಕೊಂಡಿದ್ದೋರು.

ಹಲ್ಡಾ: ಅಂದ್ರೆ ನೀವು.

ನಾನು: ಮನೇಲಿ ಇನ್ನೂ ಯಾರಿಗೂ ಹೇಳಿಲ್ಲ. ಆರು ಗಂಟೆಗೆ ಮಕ್ಕಳು ಬರ್ತಾರೆ. ಅಷ್ಟರೊಳಗೆ ಆ ಕುರ್ಚಿ ಮೇಲೆ ಬೆಕ್ಕಿರ್ಬೇಕು. ಇಲ್ದಿದ್ರೆ ಮೇಬಲ್ ಮುಖ ನೋಡಕ್ಕೆ ನನ್ನ ಕೈಲಾಗಲ್ಲ.

ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆಯಾಗಿತ್ತು. ಹಲ್ಡಾ ನಿಟ್ಟುಸಿರು ಬಿಟ್ಟು ಒಂದು ಫಾರಂ ಎಳೆದುಕೊಂಡರು.

ಹಲ್ಡಾ: ಹೆಸರು?

ನಾನು: ವೆಂಡೆಲ್.

ಹಲ್ಡಾ: ಬೆಕ್ಕಿಂದು.

ನಾನು: ಟಾಫಿ.

ಹಲ್ಡಾ: ಕರಿ ಬೆಕ್ಕಿಗೆ ಟಾಫಿ?

ನಾನು: ನನ್ನನ್ನ ಯಾರೂ ಕೇಳ್ಲಿಲ್ಲ.

ಹಲ್ಡಾ: ಕತ್ತಿಗೆ ಪಟ್ಟಿ?

ನಾನು: ಕಟ್ಟಿದ್ದೆ. ಬಿಚ್ಕೊಂಡು ನನ್ನ ಬೂಟೊಳಗೆ ಹಾಕ್ತು.

ಹಲ್ಡಾ: ಚರ್ಮದೊಳಗೆ ಗುರುತಿನ ಚಿಪ್ ಹಾಕ್ಸಿದೀರಾ?

ನಾನು: ಅದು ನಾನು ಮಾಡ್ಬೇಕಾಗಿದ್ದ ಕೆಲಸ.

ಹಲ್ಡಾ: ಅಂದ್ರೆ ಹಾಕ್ಸಿಲ್ಲ.

ನಾನು: ನೀವು ಮೊದ್ಲೇ ನನ್ನ ಹೆಂಡತಿ ಹತ್ರ ಮಾತಾಡಿದೀರಾ?

ಹಲ್ಡಾ: ಫೋಟೋ ಆದ್ರೂ ಇದೆಯಾ?

ಫೋನ್ ತೆಗೆದು ತೋರಿಸಿದೆ.

ಹಲ್ಡಾ: ಇದು ದಿಂಬು.

ನಾನು: ದಿಂಬಿನ ಎಡಕ್ಕೆ ನೋಡಿ.

ಹಲ್ಡಾ: ಅದೂ ದಿಂಬೇ.

ನಾನು: ಹಾಗಾದ್ರೆ ಬಲಕ್ಕಿರ್ಬೇಕು.

ಹಲ್ಡಾ: ಇರ್ಬೇಕು ಅಂದ್ರೆ? ಮೈಮೇಲೆ ಏನಾದ್ರೂ ಗುರುತು ಹೇಳಿ ಸಾರ್.

ನಾನು: ಗುರುತಿದೆ. ನನ್ನ ಮೈಮೇಲೆ.

ಅಂಗಿಯ ತೋಳು ಮೇಲೆ ಸರಿಸಿ ಬಲಗೈಯನ್ನು ಮೇಜಿನ ಮೇಲಿಟ್ಟೆ. ಮಣಿಕಟ್ಟಿನಿಂದ ಮೊಣಕೈವರೆಗೆ ನಾಲ್ಕು ವರ್ಷದ ಗೀರುಗಳು. ಲೋರ್ನಾ ತೊಡೆಯ ಮೇಲೆ ಟಾಫಿ ಗುರುಗುಟ್ಟುತ್ತಾ ಮಲಗುತ್ತದೆ, ಮೇಬಲ್ ಅದನ್ನು ಕತ್ತಿಗೆ ಸುತ್ತಿಕೊಂಡು ತಿರುಗುತ್ತಾಳೆ. ನಾನು ಕೈ ಚಾಚಿದರೆ ಮಾತ್ರ ಉಗುರು. ನಾನು ಎಡಚ. ಬರೆಯುವ ಕೈಯಾದರೂ ಉಳಿಯಲಿ ಎಂದು ಯಾವಾಗಲೂ ಬಲಗೈಯನ್ನೇ ಒಡ್ಡುವ ಅಭ್ಯಾಸ.

ಹಲ್ಡಾ ಎದ್ದು ಒಳಗೆ ಕರೆದೊಯ್ದರು. ಅಲ್ಲಿ ಮೂರು ಗೂಡು, ಮೂರು ಕರಿ ಬೆಕ್ಕು.

ಹಲ್ಡಾ: ಇವತ್ತು ಬಂದಿದ್ದು ಇಷ್ಟೇ. ಯಾವುದು ನಿಮ್ದು?

ನೋಡಿದೆ. ಬಗ್ಗಿ ನೋಡಿದೆ. ಟಾಫಿ ಎಂದು ಕರೆದೆ. ಒಂದು ಆಕಳಿಸಿತು, ಉಳಿದವು ಅಷ್ಟೂ ಮಾಡಲಿಲ್ಲ. ನಾಲ್ಕು ವರ್ಷ ಒಂದೇ ಸೂರಿನಡಿ ಇದ್ದೂ ಗುರುತು ಹಿಡಿಯಲಾರದೆ ಹೋದದ್ದಕ್ಕೆ ನನಗೆ ನಿಜವಾಗಿ ನಾಚಿಕೆಯಾಯಿತು.

ಹಲ್ಡಾ: ನಿಮ್ಮ ಬೆಕ್ಕೇ ನಿಮಗೆ ಗೊತ್ತಾಗಲ್ವಾ?

ನಾನು: ಅದಕ್ಕೆ ನಾನು ಗೊತ್ತಾಗ್ತೀನಿ. ಗೂಡಿನ ಬಾಗಿಲು ತೆಗೀರಿ.

ಮೊದಲನೆಯ ಗೂಡಿಗೆ ಬಲಗೈ ಹಾಕಿದೆ. ಪರಕ್ ಎಂದಿತು. ನಾಲ್ಕು ಗೀರು, ಹಳೆಯವುಗಳ ಪಕ್ಕದಲ್ಲೇ.

ನಾನು: ಇದೇ ಮೇಡಮ್, ಇದೇ. ನಮ್ದೇ.

ರಕ್ತ ಬರುವ ಕೈಯನ್ನು ನೋಡಿ ಇಷ್ಟು ಸಂತೋಷಪಟ್ಟವನನ್ನು ಹಲ್ಡಾ ಕಂಡಿರಲಿಕ್ಕಿಲ್ಲ. ಬೆಕ್ಕನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಕೊಟ್ಟರು. ಎಡಗೈಯಲ್ಲಿ ಪೆನ್ನು ಹಿಡಿದು ಸಹಿ ಹಾಕುವಷ್ಟರಲ್ಲಿ ಫೋನ್ ಬಂತು. ಕೈ ಖಾಲಿ ಇರಲಿಲ್ಲವಾದ್ದರಿಂದ ಸ್ಪೀಕರ್ ಒತ್ತಿದೆ.

ಲೋರ್ನಾ: ವೆಂಡೆಲ್, ಎಲ್ಲಿದೀಯ?

ನಾನು: ಮಿಠಾಯಿ ತರಕ್ಕೆ ಬಂದೆ.

ಲೋರ್ನಾ: ಎರಡು ಬಕೆಟ್ ಮಿಠಾಯಿ ಮನೇಲೇ ಇದೆ. ಅದಿರ್ಲಿ, ಟಾಫಿ ಎಲ್ಲಿದಾಳೆ ಗೊತ್ತಾ?

ನಾನು: ಲೋರ್ನಾ, ಎಲ್ಲಾ ಹೇಳ್ತೀನಿ. ನನ್ನ ಎರಡು ಕೈಲೂ ಕುಂಬಳಕಾಯಿ ಇತ್ತು...

ಲೋರ್ನಾ: ಏನು ಕುಂಬಳಕಾಯಿ? ಅವಳು ಬೀರು ಒಳಗೆ ನಿನ್ನ ಕರಿ ಕೋಟಿನ ಮೇಲೆ ಮಲಗಿದಾಳೆ. ಕಣ್ಣು ಬಿಟ್ಟಾಗಲೇ ನನಗೂ ಕಂಡಿದ್ದು.

ನಾನು: ನನ್ನ ಕೋಟಿನ ಮೇಲಾ?

ಲೋರ್ನಾ: ದಿನಾ ಮಲಗೋದೇ ಅಲ್ಲಿ. ನೀನು ನೋಡೇ ಇಲ್ವಾ?

ನೋಡಿರಲಿಲ್ಲ. ಕೋಟಿಗೆ ಕೂದಲು ಅಂಟಿದೆ ಎಂದು ಬೈದದ್ದು ಮಾತ್ರ ನೆನಪಾಯಿತು. ಎದೆ ಒಂದು ಕ್ಷಣ ತುಂಬಿ ಬಂತು, ಪೆಟ್ಟಿಗೆಯೊಳಗಿಂದ ಮಿಯಾಂವ್ ಎಂಬ ಸದ್ದು ಬರುವವರೆಗೆ.

ಲೋರ್ನಾ: ಅದ್ಯಾರದು?

ನಾನು: ಟಾಫಿ ಅನ್ಕೊಂಡಿದ್ದೆ. ಪರಚಿತಲ್ಲ, ಅದಕ್ಕೆ.

ಲೋರ್ನಾ: ವೆಂಡೆಲ್, ನಿನ್ನನ್ನ ಪರಚದೇ ಇರೋ ಬೆಕ್ಕು ಈ ಊರಲ್ಲಿ ಯಾವುದಿದೆ ಹೇಳು.

ಫೋನ್ ಇಟ್ಟಳು. ಹಲ್ಡಾ ಕೈ ಚಾಚಿ ಪೆಟ್ಟಿಗೆಯನ್ನು ತಮ್ಮ ಕಡೆಗೆ ಎಳೆದುಕೊಂಡು ಮುಚ್ಚಳ ತೆಗೆದರು. ಬೆಕ್ಕು ಅವರ ಬೆರಳು ನೆಕ್ಕಿತು.

ನಾನು: ಇದು ಹಾಗಾದ್ರೆ ಯಾರದು?

ಹಲ್ಡಾ: ಬೆಳಗ್ಗೆ ಯಾರೋ ಬೂಟಿನ ಡಬ್ಬದಲ್ಲಿಟ್ಟು ಮೆಟ್ಟಿಲ ಮೇಲೆ ಬಿಟ್ಟುಹೋಗಿದ್ರು. ಬೀದೀಲಿ ಸಿಕ್ಕಿದ್ದೇನೋ, ಮನೆಯೋರೇ ಹುಡುಕ್ಕೊಂಡು ಬಂದ್ರಲ್ಲ ಅಂತ ನನಗೂ ಖುಷಿಯಾಗಿತ್ತು. ಬಿಡಿ. ನೀವು ಹೊರಡಿ, ಆರು ಗಂಟೆಗೆ ಸನ್ಮಾನ ಇದೆಯಲ್ಲ.

ಫಾರಂ ಹರಿಯಲು ಎತ್ತಿಕೊಂಡರು. ನಾನು ಬಾಗಿಲವರೆಗೆ ಹೋದೆ. ಕರಿ ಬೆಕ್ಕಿನ ಮರ್ಯಾದೆಗೆಂದೇ ಬಾಲ ಕಟ್ಟಿಕೊಂಡವನು ಅದೇ ಬಾಲ ಮುದುರಿಕೊಂಡು ಹೊರಟಿದ್ದೆ. ಕಾಲು ಮುಂದೆ ಹೋಗಲಿಲ್ಲ.

ನಾನು: ನಾಳೆ ನವೆಂಬರ್ ಒಂದು, ಹ್ಯಾಲೋವೀನ್ ಮುಗಿದಿರುತ್ತಲ್ವಾ. ಎಷ್ಟು ಗಂಟೆಗೆ ಬಾಗಿಲು ತೆಗೀತೀರಿ?

ಹಲ್ಡಾ: ಒಂಬತ್ತಕ್ಕೆ. ಯಾಕೆ?

ನಾನು: ಆ ಫಾರಂ ಹರೀಬೇಡಿ. ಟಾಫಿ ಅನ್ನೋ ಹೆಸರೊಂದು ಹೊಡೆದುಹಾಕಿ, ಸಾಕು.

ಹಲ್ಡಾ: ಪರಚಿಸ್ಕೊಳ್ಳಕ್ಕೆ ನಿಮಗೆ ಒಂದು ಬೆಕ್ಕು ಸಾಲ್ದಾ ಸಾರ್?

ನಾನು: ಬಲಗೈ ಟಾಫಿದಾಯ್ತು ಮೇಡಮ್. ಎಡಗೈ ಇನ್ನೂ ಖಾಲಿ ಇದೆ.