ಫ್ಲಾರೆನ್ಸ್ ತಪಾಸಣೆಗೆ ಬಂದ ಮಾವ

ಇಟಲಿಯ ಫ್ಲಾರೆನ್ಸ್ ನಗರ ಇಷ್ಟು ಶತಮಾನ ಬಿದ್ದುಹೋಗದೆ ನಿಂತಿರುವುದು ನಮ್ಮ ಸೋದರಮಾವನಿಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಪೀಣ್ಯದ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿದ್ದು ನಿವೃತ್ತರಾದವರು ಅವರು. ಕಾರ್ಖಾನೆ ಬಿಟ್ಟಿತು, ತಪಾಸಣೆ ಬಿಡಲಿಲ್ಲ! ಮದುವೆಗೆ ಕರೆದರೂ ಛತ್ರದ ಗೋಡೆ ತಟ್ಟಿ ನೋಡಿಯೇ ಊಟಕ್ಕೆ ಕೂರುವುದು. ಇಂಥವರನ್ನು ಕಟ್ಟಿಕೊಂಡು ಊರೆಲ್ಲ ಹಳೇ ಕಟ್ಟಡವೇ ಇರುವ ಕಡೆಗೆ ಯಾರಾದರೂ ಹೋಗುತ್ತಾರೆಯೇ? ನಾನು ಹೋದೆ.

ಹೋದದ್ದು ಅತ್ತೆಗಾಗಿ. ವಾಪಸು ಬಂದ ಕೂಡಲೇ ಅವರ ಮಂಡಿ ಆಪರೇಷನ್ ಎಂದು ನಿಗದಿಯಾಗಿತ್ತು. ಅಷ್ಟರೊಳಗೆ ಅಲ್ಲಿನ ದೊಡ್ಡ ಚರ್ಚಿನ ಗುಮ್ಮಟದ ಕೆಳಗೆ ನಿಂತು ತಲೆಯೆತ್ತಿ ನೋಡಬೇಕೆಂಬುದು ಅವರ ಬಹುಕಾಲದ ಆಸೆ.

"ನನ್ನ ಕಾಲಲ್ಲೇ ನಡ್ಕೊಂಡ್ ಹೋಗ್ತೀನಿ ಕಣೋ. ವೀಲ್‌ಚೇರ್ ಗೀಲ್‌ಚೇರ್ ಅಂದ್ರೆ ನಾನ್ ಬರೋದೇ ಇಲ್ಲ" ಎಂದಿದ್ದರು.

ಬೆಳ್ಳಂದೂರಿನ ಆಫೀಸಿಗೂ ಮನೆಗೂ ಓಡಾಡಿ ಹಣ್ಣಾಗಿದ್ದ ನಾನು, ರಜೆಯಲ್ಲಾದರೂ ಸ್ವಲ್ಪ ಆರಾಮ ಸಿಗುತ್ತದೆ ಅಂದುಕೊಂಡಿದ್ದೆ. ಎಂಥ ಭ್ರಮೆ!

ಮಾವನ ಹೊಟ್ಟೆಯಲ್ಲಿ ಇನ್ನೂ ಕ್ಯಾಂಟೀನ್ ಸೈರನ್ ಕೂಗುತ್ತದೆ. ಅದು ಕೂಗುವ ಹೊತ್ತಿಗೆ ಅಲ್ಲಿನ ಹೋಟೆಲುಗಳ ಬಾಗಿಲೇ ತೆರೆದಿರುವುದಿಲ್ಲ. "ಇವ್ರಿಗೆ ಫಸ್ಟ್ ಶಿಫ್ಟೇ ಇಲ್ವೇನೋ?" ಎಂದು ಹೊರಗೆ ನಿಂತು ಗೊಣಗಿದರು. ಕೊನೆಗೆ ಸಿಕ್ಕಿದ ಪಿಜ್ಜಾವನ್ನು ತಿರುಗಿಸಿ, ತಳ ಸೀದಿದೆಯೆಂದು ಅದನ್ನೂ ರಿಜೆಕ್ಟ್ ಮಾಡಿದರು! ಕಾಫಿ ಬಂತು. ಬೊಟ್ಟು ಅದ್ದುವಷ್ಟು. ಮಾವ ಎರಡು ಬೆರಳೆತ್ತಿ "ಬೈ ಟು!" ಎಂದರು. ಹೋಟೆಲಿನ ಪುಣ್ಯಾತ್ಮ ತಲೆಯಾಡಿಸಿ ಇನ್ನೆರಡು ಕಾಫಿ ತಂದಿಟ್ಟ. "ಕಹಿ ಕಣೋ, ನೀನೇ ಕುಡಿ" ಎಂದು ಎಲ್ಲವನ್ನೂ ನನ್ನ ಕಡೆ ತಳ್ಳಿದರು. ಆ ರಾತ್ರಿ ನನಗೆ ನಿದ್ದೆಯೂ ಹೋಯಿತು.

ಮಾರನೆಯ ದಿನ ಗುಮ್ಮಟಕ್ಕೆ ಹೊರಟೆವು. ನಾವಿಳಿದುಕೊಂಡಿದ್ದ ಮನೆಯಿಂದ ಅದೇನೂ ದೂರವಿರಲಿಲ್ಲ. ಆದರೆ ಮಾವ ಬಿಡಬೇಕಲ್ಲ! ಒಂದು ಕಡೆ ಕಲ್ಲಿನ ಸಂದು, ಇನ್ನೊಂದು ಕಡೆ ಕಿಟಕಿಯ ಓರೆ. "ಇಷ್ಟ್ ದೊಡ್ಡ ಬಿಲ್ಡಿಂಗು, ದೃಷ್ಟಿಗೆ ಒಂದ್ ಬೂದುಗುಂಬಳಕಾಯಿ ಕಟ್ಟಿಲ್ವಲ್ಲೋ!" ಎಂದು ಮತ್ತೆ ನಿಂತರು. ಅವರ ತಪಾಸಣೆ ಮುಗಿಯುವವರೆಗೆ ಅತ್ತೆ ಅಲ್ಲೇ ಗೋಡೆಯ ಬುಡದ ಕಲ್ಲುಜಗಲಿಯ ಮೇಲೆ ಕೂತಿರುತ್ತಿದ್ದರು.

ನನ್ನ ತಾಳ್ಮೆ ಕೆಟ್ಟಿತು. "ಮಾವ, ಚರ್ಚ್ ಬಾಗಿಲು ಹಾಕ್ಬಿಡ್ತಾರೆ! ಅತ್ತೆ ಇಷ್ಟು ದೂರ ಬಂದಿರೋದು ಅದಕ್ಕೇ ತಾನೆ? ಸುಮ್ನೆ ನಡೀರಿ" ಎಂದು ರೇಗಿದೆ.

ಮಾವ ಗೋಡೆ ಬಿಟ್ಟು ನಡೆದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅತ್ತೆ ಹಿಂದೆ ಉಳಿದರು. ತಿರುಗಿ ನೋಡಿದರೆ ಗೋಡೆಗೆ ಕೈಯೂರಿ ನಿಂತಿದ್ದಾರೆ, ಮುಖವೆಲ್ಲ ಬೆವರು.

"ಏನಿಲ್ಲ, ಬಂದೆ" ಎಂದರು.

"ಅಯ್ಯೋ, ಈ ಬಾಗಿಲ ಚೌಕಟ್ಟು ನೋಡ್ದೇ ಹೋಗೋದಾ?" ಎಂದು ಮಾವ ವಾಪಸು ಓಡಿಯೇ ಹೋದರು. "ಹೊತ್ತಾಗುತ್ತೆ ಕಣೇ, ಕೂತ್ಕೋ."

ಕೈ ಚೌಕಟ್ಟು ಸವರುತ್ತಿತ್ತು. ಕಣ್ಣು ಅತ್ತೆಯ ಮಂಡಿಯ ಮೇಲಿತ್ತು. ಆಮೇಲೆ ಎಲ್ಲಿ ನಿಂತರೂ ನಾನು ಚಕಾರವೆತ್ತಲಿಲ್ಲ.

ಬಾಗಿಲು ಹಾಕುವ ಮುಂಚೆ ಹೇಗೋ ಒಳಗೆ ಸೇರಿದೆವು. ಅಲ್ಲಿ ಕೂರುವ ಹಾಗಿರಲಿಲ್ಲ, ಬೆಂಚುಗಳಿಗೆಲ್ಲ ಹಗ್ಗ ಕಟ್ಟಿದ್ದರು. ಅತ್ತೆ ತಲೆಯೆತ್ತಿದವರು ತೂರಾಡಿದರು. ಮಾವ ತಟ್ಟನೆ ಅವರ ಹಿಂದೆ ಹೋಗಿ, ಬೆನ್ನಿಗೆ ಬೆನ್ನು ಕೊಟ್ಟು, ಬಾಗಿಲ ಕಡೆ ಮುಖ ಮಾಡಿ ನಿಂತರು.

"ಒರಗಿಕೋ. ನಿಧಾನವಾಗಿ ನೋಡು."

ಅತ್ತೆ ಒರಗಿದರು. ನೋಡಿದರು, ಕಣ್ಣೊರೆಸಿಕೊಂಡರು, ಮತ್ತೆ ನೋಡಿದರು. "ರೀ, ಎಷ್ಟ್ ಚೆನ್ನಾಗಿದೆ ರೀ... ಬಣ್ಣ ಬಣ್ಣದ ದೇವತೆಗಳು, ಮೇಲಿನ್ ತನಕ!" ಎನ್ನುತ್ತಿದ್ದರು. ಕಾವಲಿನವನು ಬಂದು ಹೊರಡಿ ಎನ್ನುವವರೆಗೂ ಮಾವ ಅಲುಗಾಡಲಿಲ್ಲ.

ಹೊರಗೆ ಬಂದಮೇಲೆ ಕೇಳಿದೆ. "ಗುಮ್ಮಟ ಹೇಗಿದೆ ಮಾವ? ಏನಾದ್ರೂ ತಪ್ಪು ಸಿಕ್ತಾ?"

"ಏನೂ ಇಲ್ಲ ಕಣೋ" ಎಂದರು. "ತುಂಬಾ ಚೆನ್ನಾಗಿದೆಯಂತೆ."